ಎಂಟನೇ ಮೆಟ್ಟಿಲು

ಕುರುಬರಹಳ್ಳಿ
22-3-2026, ಭಾನುವಾರ

ಚಿ. ಸೌ. ಕುಸುಮಾಗೆ ನಿನ್ನ ಭಾವನ ಆಶೀರ್ವಾದಗಳು.

ಫೋನಿನಲ್ಲೇ ಹೇಳಬಹುದಿತ್ತು. ನಡುವೆ ನೀನು ಮಾತಾಡಿದರೆ ನಾನು ಬಾಯಿ ಮುಚ್ಚಿಕೊಂಡುಬಿಡುತ್ತೇನೆ, ಅದಕ್ಕೇ ಕಾಗದ. ನಿಮ್ಮಕ್ಕ ಹೋಗಿ ವರ್ಷ ತುಂಬದ ಮನೆಯಲ್ಲಿ ಹಬ್ಬವಿಲ್ಲವೆಂದು ಮೊನ್ನೆ ಯುಗಾದಿಗೆ ಕೆಂಗೇರಿಯಿಂದ ನೀನೇ ಒಬ್ಬಟ್ಟು ತಂದೆ. ನಾನು ಎರಡು ತಿಂದೆ. ಮೂರನೆಯದು ಬಡಿಸುತ್ತಾ ನೀನು, "ಅಕ್ಕಂದೇ ತಪ್ಪು ಭಾವ, ನೋವು ಮುಚ್ಚಿಟ್ಕೊಂಡು ನಮಗೆಲ್ಲ ಮೋಸ ಮಾಡ್ಬಿಟ್ಳು" ಎಂದೆ. ಆ ಒಬ್ಬಟ್ಟನ್ನು ನಾನು ಎಲೆಯಲ್ಲೇ ಬಿಟ್ಟೆ.

ಅದಿರಲಿ. ಇವತ್ತು ಪಾರ್ಕಿನಲ್ಲಿ ಪಕ್ಕದ ಮನೆಯ ಜಗನ್ನಾಥ ಪೇಪರು ಹಿಡಿದು ಕೂಗಾಡುತ್ತಿದ್ದ. ದೇಶದೇಶಗಳ ಸುಖದ ಪಟ್ಟಿ ಬಂದಿದೆಯಂತೆ, ಹ್ಯಾಪಿನೆಸ್ ಇಂಡೆಕ್ಸು. ಯಾವುದೋ ಮಂಜಿನ ದೇಶ ಮೊದಲು, ನಾವು ನೂರರ ಆಚೆ. "ನಮಗೇನ್ ಸಾರ್ ಕಮ್ಮಿ? ಇವರ್ಯಾರು ನಮ್ಮ ಸುಖ ಅಳೆಯೋಕೆ?" ಅಂದ. ಈವನಿಂಗ್ ಕಾಲೇಜಿನಲ್ಲಿ ನಮಗೂ ಕಲಿಸಿದ್ದರು: ಹ್ಯಾಪಿ, ಹ್ಯಾಪಿಯರ್, ಹ್ಯಾಪಿಯೆಸ್ಟ್. ಡಿಗ್ರೀಸ್ ಆಫ್ ಕಂಪ್ಯಾರಿಸನ್. ಪಾಸಿಟಿವ್, ಕಂಪ್ಯಾರಟಿವ್, ಇನ್ನೊಂದರ ಹೆಸರು ಮರೆತೆ. ಆ ಪಟ್ಟಿ ಸುಳ್ಳೆಂದು ಜಗನ್ನಾಥನಿಗಿಂತ ನನಗೆ ಚೆನ್ನಾಗಿ ಗೊತ್ತು. ಇದೇ ಪಟ್ಟಿಯೋ ಇದರ ತಮ್ಮನೋ, ಅಂಥದ್ದಕ್ಕೆ ಒಂದು ಅಂಕಿ ನಮ್ಮ ನಡುಮನೆಯಿಂದಲೇ ಹೋಗಿದೆ.

ಹೋದ ಆಷಾಢದ ಹಿಂದಿನ ಆಷಾಢ. ಧನ್ಯಶ್ರೀ ಎಂಬ ಹುಡುಗಿ ಟ್ಯಾಬ್ ಹಿಡಿದು ಸರ್ವೆಗೆ ಬಂದಳು. ಮನೆಯಲ್ಲಿ ಯಾರ ಹುಟ್ಟುಹಬ್ಬ ಮುಂದೆ ಮೊದಲು ಬರುತ್ತದೋ ಅವರೇ ಉತ್ತರ ಹೇಳಬೇಕಂತೆ, ರೂಲ್ಸು. ನನ್ನದು ಮೇಷ್ಟರು ಬರೆದ ಜೂನ್ ಒಂದು, ಕಳೆದುಹೋಗಿತ್ತು. ಆದರೂ, "ಅವಳಿಗೆ ತಾರೀಕಿಲ್ಲಮ್ಮ, ನನ್ನನ್ನೇ ಕೇಳು" ಎಂದೆ. ನಿಮ್ಮಕ್ಕ ಅಡುಗೆಮನೆ ಬಾಗಿಲಿಗೆ ಬಂದು, "ನಾನು ನಾಗರ ಪಂಚಮಿ ದಿನ ಹುಟ್ಟಿದ್ದು" ಎಂದಳು. ಪಂಚಮಿಗೆ ಇನ್ನು ಇಪ್ಪತ್ತು ದಿನವೂ ಇರಲಿಲ್ಲ. "ಹಂಗಾದ್ರೆ ಆಂಟಿನೇ ಹೇಳ್ಬೇಕು ಅಂಕಲ್" ಎಂದಳು ಹುಡುಗಿ.

ಹತ್ತು ಮೆಟ್ಟಿಲ ಏಣಿ ಅಂದುಕೊಳ್ಳಿ, ತುದಿಯಲ್ಲಿ ಒಳ್ಳೆಯ ಬದುಕು, ಬುಡದಲ್ಲಿ ಕೆಟ್ಟದ್ದು, ನೀವು ಎಷ್ಟನೇ ಮೆಟ್ಟಿಲಲ್ಲಿದ್ದೀರಿ ಎಂದು ಕೇಳಿದಳು. ಇವಳು ಸೆರಗಿಗೆ ಕೈ ಒರೆಸಿಕೊಂಡು ಯೋಚಿಸಿದಳು. ತನ್ನ ಬಗ್ಗೆ ಅವಳು ಅಷ್ಟು ಹೊತ್ತು ಯೋಚಿಸಿದ್ದನ್ನು ನಲವತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ. ಅದೇಕೋ ತಡೆಯಲಾಗಲಿಲ್ಲ. "ಎಂಟು ಬರ್ಕೊಳಮ್ಮ" ಎಂದೆ. "ಸ್ವಂತ ಮನೆ, ಪೆನ್ಶನ್, ಕಾವೇರಿ ನೀರು. ಇನ್ನೇನ್ ಬೇಕು?" ಹುಡುಗಿ ಇವಳ ಮುಖ ನೋಡಿದಳು. "ಅವರು ಹೇಳ್ದಂಗೇ ಬರ್ಕೋ ಮಗಳೇ" ಎಂದಳು ಇವಳು. ನನ್ನಂಥ ಗಂಡಂದಿರು ಎಷ್ಟು ಮನೆಯಲ್ಲಿ ಕೂತಿದ್ದರೋ. ಆ ಮಂಜಿನ ದೇಶದಲ್ಲೂ ಒಬ್ಬನಾದರೂ ಕೂತಿರಬಹುದು.

ಆಮೇಲೆ ಇನ್ನೊಂದು ಪ್ರಶ್ನೆ. ನಿನ್ನೆ ಮೈಯಲ್ಲಿ ಎಲ್ಲಾದರೂ ನೋವಿತ್ತೇ? ಇವಳ ಕೈ ಹೊಟ್ಟೆಯ ಮೇಲೆ ಹೋಯಿತು. ನಾನು ನೋಡಿದೆ ಕುಸುಮಾ. ನೋಡಿಯೂ, "ಗುಂಡುಕಲ್ಲಿನಂಗಿದಾಳೆ, ಇಲ್ಲ ಅಂತ ಬರಿ" ಎಂದೆ. ತಮಾಷೆಗೆ ಹೇಳಿದ್ದು. ಹುಡುಗಿ ನಕ್ಕಳು ಕೂಡ.

ಆ ವರ್ಷದ ದೀಪಾವಳಿಗೆ ಆಸ್ಪತ್ರೆ ಸೇರಿದಾಗ ಡಾಕ್ಟರು ಯಾವಾಗಿನಿಂದ ನೋವು ಎಂದು ಕೇಳಿದರು. "ಆಷಾಢದಿಂದ" ಎಂದಳು, ನನ್ನ ಕಡೆ ನೋಡದೆ. ಹೊರಗೆ ಕಾರಿಡಾರಿನಲ್ಲಿ ನೀನೂ ಅಳುತ್ತಾ ಅದನ್ನೇ ಕೇಳಿದೆ. ಯಾರಿಗೂ ಹೇಳದೆ ಮುಚ್ಚಿಟ್ಟಿದ್ದಳು ಎಂದೆ ನಾನು. ಅದು ಸುಳ್ಳು. ಕೇಳಿದವಳೊಬ್ಬಳು ಇದ್ದಳು, ಹೇಳಲು ಹೊರಟವಳೂ ಇದ್ದಳು. ನಡುವೆ ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದೆ.

ಮುಂದಿನ ತಿಂಗಳು ವರ್ಷದ ತಿಥಿ. ಬರುವುದು ಬಿಡುವುದು ನಿನಗೆ ಸೇರಿದ್ದು. ಬಂದರೆ, ನೆಂಟರೆದುರು ಅಕ್ಕ ಮುಚ್ಚಿಟ್ಟಳು ಎಂದು ಮಾತ್ರ ಅನ್ನಬೇಡ. ಅನ್ನುವುದಿದ್ದರೆ ನನ್ನನ್ನು ಅನ್ನು.

ಇಂತಿ,
ನಿನ್ನ ಭಾವ
ಮುನಿರಾಮಯ್ಯ

ತಾ.ಕ.: ಆಸ್ಪತ್ರೆಯಲ್ಲಿ ಒಂದು ಸಂಜೆ ಅವಳನ್ನು ಕೇಳಿದೆ, ನಾನು ಬಾಯಿ ಹಾಕದಿದ್ದರೆ ಅವತ್ತು ನೀನು ಎಷ್ಟು ಹೇಳುತ್ತಿದ್ದೆ ಎಂದು. ನಕ್ಕಳು. "ಕೆಳಗಿಂದ ಎಣಿಸ್ಕೊಂಡು ಬರ್ತಾ ಇದ್ದೆ ಕಣ್ರೀ. ಮೂರಕ್ಕಿನ್ನೂ ಬಂದಿರ್ಲಿಲ್ಲ, ನೀವು ಎಂಟು ಅಂದ್ಬಿಟ್ರಿ."