ತೂಗೋ ಒಲಿ ಕಟ್ಟಿದ್ದು ನಾನೇ

ಗೋವಾ, ಸೋಮವಾರ

ವಾಣಿಶ್ರೀ ಅಪ್ಪಾರಿಗೆ ಶರಣು. ಅಳಿಯ ಅಮರನಾಥ ಪ್ರವಾಸಿಗರನ್ನ ಕರಕೊಂಡು ಹೋಗಾಕ ಹಾಯಿದೋಣಿ ತಗೋತಾನಲ್ರಿ, ಎರಡು ನೋಡಿಟ್ಟಾನ. ಒಂದು ನಮ್ಮ ಎಮ್ಮಿ ಹಂಗ ಅಗಲ, ಸಾವಕಾಶ. ಮಗಳು ವಾಣಿಶ್ರೀಗೆ ಅದೇ ಬೇಕು. ಇನ್ನೊಂದು ಸಣ್ಣ ನಡದ್ದು, ಗಾಳಿ ಸಿಕ್ಕರ ಒಂದು ಮಗ್ಗಲಿಗೆ ವಾಲಿ ಓಡತದ. ಅಳಿಯಗ ಅದರ ಮ್ಯಾಲೆ ಜೀವ. ಜಗಳ ಹರೀಲಿಲ್ಲ. "ಬಂದ ಮಂದಿಗೆ ದೋಣ್ಯಾಗೇ ಊಟ ಹಾಕಬೇಕು, ಎರಡರಾಗೂ ಅಡಗಿ ಮಾಡಿ ಯಾವುದು ಛಲೋ ಅಂತ ನೀವೇ ಹೇಳ್ರಿ ಅತ್ತಿ" ಅಂದ ಅಳಿಯ.

ಅಗಲ ದೋಣ್ಯಾಗ ರೊಟ್ಟಿ ಚಂದ ಆದವು. ನಿನ್ನೆ ಓಟದ ದೋಣಿ ಹತ್ತಿದರ ಒಲಿ ತೊಟ್ಟಿಲ ಹಂಗ ತೂಗತಿತ್ತು. ಮೊಳಿ ಸಡಲ್ಯಾವ ಅಂತ ತಿಳಿದು ಹಗ್ಗದಿಂದ ಬಿಗಿದು ಕಟ್ಟಿ ಪುಂಡಿಪಲ್ಯ ಇಟ್ಟೆ. ದೋಣಿ ವಾಲಿತು. ಬೋಗಾಣಿ ಜಾರಿ ಪಲ್ಯ ಎಲ್ಲಾ ಅಳಿಯನ ಬಿಳಿ ಪ್ಯಾಂಟಿನ ಮ್ಯಾಲೆ ಬಿತ್ತು. ಸುಟ್ಟಿಲ್ಲ, ಶಿವ ಕಾಯ್ದ. "ಬಂದ ಮಂದಿ ಮ್ಯಾಲೂ ಹಿಂಗೇ ಬಿದ್ದರ? ಅಗಲಂದೇ ತಗೋಳೋಣ" ಅಂದುಬಿಟ್ಟ.

ಆಮ್ಯಾಲ ಮಗಳು ಕಿವ್ಯಾಗ ಹೇಳಿದಳು: ದೋಣಿ ವಾಲಿದರೂ ಬೋಗಾಣಿ ನೆಟ್ಟಗ ಇರಲಿ ಅಂತಲೇ ಆ ಒಲಿ ತೂಗತದಂತ. "ಹಗ್ಗ ಬಿಚ್ಚಿ ಮುಚ್ಚಿಟ್ಟೀನಿ, ನೀ ಸುಮ್ಮನಿರವ್ವಾ" ಅಂತಾಳ.

ದಿನಾ ಅಂಗೈಯಾಗ ಲಿಂಗ ಇಟ್ಕೊಂಡು ಪೂಜಿ ಮಾಡೋ ನನಗ ಇದು ಒಪ್ಪವಲ್ದು. ನಾಳೆ ಅವರು ದೋಣಿ ಕಾಗದಕ್ಕ ಸಹಿ ಹಾಕೋದರೊಳಗ ಅಳಿಯಗ ಖರೆ ಹೇಳತೀನಿ. ಹೇಳಿದರ ಮಗಳು ಸಿಟ್ಟಿಲೆ ಅವತ್ತೇ ನನ್ನ ಊರಿನ ಬಸ್ ಹತ್ತಸತಾಳ.

ದೋಣಿ ಹತ್ತಿದರ ಬರತಿದ್ದ ವಾಂತಿ ಈಗ ನಿಂತದ. ನಿಂಬಿ ಉಪ್ಪಿನಕಾಯಿ ಮುಗದದ. ಈ ಕಾರ್ಡಿನ ಬೆನ್ನಿಗೇ ನಾನೂ ನಮ್ಮ ಜಹೀರಾಬಾದ್ ಮುಟ್ಟಿದರ, ಅಳಿಯಗ ಖರೆ ಹೇಳೇ ಬಂದಾಳ ಅಂತ ತಿಳ್ಕೊರಿ. ಬಸ್‌ಸ್ಟ್ಯಾಂಡಿನಾಗ ನಿಂತು ಏನೂ ಕೇಳಬ್ಯಾಡ್ರಿ.

ನಿಮ್ಮ ಭೂದೇವಿ