ಬೆಳೆಯುವ ಹುಡುಗಿಯ ಡ್ರೆಸ್

ಪರ್ವರಿ, ಬುಧವಾರ

ಅಕ್ಕ ಸುಂದರವ್ವನಿಗೆ,

ನಿಮ್ಮ ಸಾವರ್ಡೆಗೆ ಬರುವ ಟೆಂಪೋದಲ್ಲಿ ನನ್ನ ಶ್ವೇತಾಳ ಫಿಗರ್ ಸ್ಕೇಟಿಂಗ್ ಡ್ರೆಸ್ ಕಳಿಸಿದ್ದೇನೆ. ಅಂಗಡಿಯಲ್ಲಿ ಅವಳು ಮೈಗೆ ಸರಿಯಾದ ನೀಲಿಯದನ್ನೇ ಹಿಡಿದು ನಿಂತಿದ್ದಳು. “ಬೆಳಿಯೋ ಹುಡುಗಿ, ದೊಡ್ಡದ ಕೊಡ್ರಿ” ಎಂದು ನಾನೇ ಹಟ ಮಾಡಿ ಈ ಕೆಂಪನ್ನು ತಂದೆ. ಇಂದು ಗಾಲಿ ಬೂಟಿನ ಮೇಲೆ ತಿರುಗುವಾಗ ಅದು ಭುಜದಿಂದ ಜಾರಿತಂತೆ. ಎಲ್ಲರೆದುರು ಮೈ ಅಪ್ಪಿಕೊಂಡು ಕುಳಿತುಬಿಟ್ಟಳಂತೆ. ಅಂಗಡಿಯವರು ವಾಪಸ್ ಒಲ್ಲೆ ಅಂದರು. ಸ್ಪರ್ಧೆ ಶನಿವಾರವೇ ಇದೆ.

“ನಾನ ದಪ್ಪ ಆಗ್ತೇನಿ ಬಿಡವ್ವಾ” ಎಂದು ಹುಡುಗಿ ಅಳುತ್ತಲೇ ರೊಟ್ಟಿ ನುಂಗುತ್ತಿದ್ದಾಳೆ.

ಶುಕ್ರವಾರದೊಳಗೆ ಅದನ್ನು ಬಿಗಿ ಮಾಡಿ ಹೊಲಿದು ಕಳಿಸು. ಅಳತೆಗೆಂದು ಹುಡುಕಿದರೆ ಅವಳ ಮೈಗೆ ಸರಿಯಾದ ಒಂದು ಅಂಗಿಯೂ ಮನೆಯಲ್ಲಿಲ್ಲ. ಅವಳ ಎದೆ, ಸೊಂಟಕ್ಕೆ ದಾರ ಸುತ್ತಿ ಗಂಟು ಹಾಕಿ ಡ್ರೆಸ್ ಜೊತೆಗೇ ಇಟ್ಟಿದ್ದೇನೆ. ಮುಂದಿನ ವರ್ಷಕ್ಕೆಂದು ಒಳಗೆ ಬಟ್ಟೆ ಬಿಡಬೇಡ, ಅಕ್ಕಾ. ಕತ್ತರಿಸಿಬಿಡು.

ನಿನ್ನ ತಂಗಿ,
ಹುಲಿಗೆಮ್ಮ