ಅಪ್ಪನ ಹೆಗಲಿಗೊಂದು ಸ್ಲಿಂಗ್ ಬ್ಯಾಗು

ವಾಡಿ ಜಂಕ್ಷನ್
೧೩ ಮೇ ೨೦೨೫, ಮಂಗಳವಾರ

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ಹೇಗಿದೆ? ಯಶೋಧರಕ್ಕನ ಬಾಣಂತನಕ್ಕೆಂದು ಕಟ್ಟಿದ ಅಂಟಿನುಂಡೆಯಲ್ಲಿ ಅರ್ಧ ನೀನೇ ಮುಗಿಸುತ್ತಿದ್ದೀ ಎಂದು ಅಕ್ಕನೇ ಫೋನಿನಲ್ಲಿ ಚಾಡಿ ಹೇಳಿದಳು. ತಿನ್ನು, ಮೊಣಕಾಲಿಗೂ ಒಳ್ಳೆಯದೇ. ಕೂಸು ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ನಿದ್ದೆ ಮಾಡುತ್ತದಂತಲ್ಲ? ಪಕ್ಕಾ ರೈಲ್ವೆ ಡ್ಯೂಟಿ. ಹುಟ್ಟಿದ್ದು ಚಿಂಚೋಳಿಯಲ್ಲಾದರೂ ಅಜ್ಜನ ವಾಡಿಯ ಗಾಳಿ ಬಡಿದಿದೆ. ಬಿಸಿಲು ಜೋರಾಗಿದೆ, ಮಧ್ಯಾಹ್ನ ಚಂದಾಪುರದ ಬಜಾರಿಗೆ ಹೋಗಬೇಡ. ಹೋಗುತ್ತೀ ಅಂತ ನನಗೆ ಗೊತ್ತು, ಆದರೂ ಹೇಳಿದ್ದೇನೆ.

ಫೋನಿರುವಾಗ ಈ ಹುಡುಗನಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಎಂದು ಹುಬ್ಬು ಗಂಟಿಕ್ಕಬೇಡ. ಫೋನು ಮಾಡಿದರೆ ನೀನು ಸ್ಪೀಕರ್ ಹಾಕುತ್ತೀ, ಓಣಿಗೆ ಓಣಿಯೇ ನನ್ನ ಮಾತು ಕೇಳುತ್ತದೆ. ವಾಟ್ಸಾಪಿನಲ್ಲಿ ಕಳಿಸಿದರೆ ಅಕ್ಕ ಅದನ್ನು ಮನೆಯವರ ಗ್ರೂಪಿಗೆ ದಾಟಿಸುತ್ತಾಳೆ. ಆ ಗ್ರೂಪಿನ ಅಡ್ಮಿನ್ ಅಪ್ಪ. ಆದ್ದರಿಂದ ಈ ಕಾಗದ ಜಹಾಂಗೀರನ ಟೆಂಪೊ ಹತ್ತಿ, ಬೇಕರಿಯ ಬ್ರೆಡ್ಡು ಬಿಸ್ಕೀಟುಗಳ ನಡುವೆ ಕುಳಿತು, ಚಿತ್ತಾಪುರ ಸೇಡಂ ದಾಟಿ ನಿನ್ನ ಕೈ ಸೇರುತ್ತದೆ. ಪುಡಿ ಇದ್ದರೆ ಜಾಡಿಸಿ ಓದು.

ಈಗ ಸುದ್ದಿ. ಹೋಗುವ ದಿನ ಬಸ್ಸಿನ ಕಿಟಕಿಯಿಂದ ಕೈ ಚಾಚಿ, ನನ್ನ ಕಿವಿ ಹಿಂಡಿ ನೀನು ಹೇಳಿದ್ದೇನು? "ನಾ ತಿರುಗಿ ಬರೋದ್ರಾಗ ಆ ಪೆಟಗಿ ಅವ್ರ ಹೆಗಲಮ್ಯಾಲಿಂದ ಇಳೀಬೇಕು ನೋಡು ಕಪಿಲ. ಇಳೀಲಿಲ್ಲಾಂದ್ರ ನೀ ಮನಿ ಇಳದು ಹೋಗು." ಕಲಬುರಗಿಯ ಡಾಕ್ಟರು ಅಪ್ಪನ ಬಲ ಹೆಗಲನ್ನು ತಿರುವಿ ನೋಡಿ ಹೇಳಿದ ಮಾತು ನಿನ್ನೆದುರಿಗೇ ಆಗಿತ್ತು: ಇನ್ನೊಂದು ಲಗ್ನದ ಹಂಗಾಮು ಈ ಕ್ಯಾಮೆರಾ ಪೆಟ್ಟಿಗೆಯ ಭಾರ ಇದೇ ಹೆಗಲ ಮೇಲೆ ಬಿದ್ದರೆ ಕೈ ಕಿವಿಗಿಂತ ಮೇಲೆ ಏಳುವುದಿಲ್ಲ. ಕೈ ಏಳದಿದ್ದರೆ ಕ್ಯಾಮೆರಾ ಏಳದು, ಕ್ಯಾಮೆರಾ ಏಳದ ದಿನ ಅಪ್ಪ ಹಾಸಿಗೆಯಿಂದಲೂ ಏಳುವ ಪೈಕಿಯವನಲ್ಲ. ಪೆಟ್ಟಿಗೆಯನ್ನು ಬಿಡಬೇಕು, ಇಲ್ಲವೇ ಕ್ಯಾಮೆರಾ ಬಿಡಬೇಕು. ಅಪ್ಪ ಎರಡನ್ನೂ ಬಿಡದೆ ಡಾಕ್ಟರನ್ನು ಬಿಟ್ಟ.

ಆ ಪೆಟ್ಟಿಗೆಯೋ, ಶಹಾಬಾದಿನ ಹಾಸುಗಲ್ಲು ತುಂಬಿದಷ್ಟು ಭಾರ. ಅಪ್ಪ ಸ್ನಾನಕ್ಕೆ ಹೋದಾಗ ಮುಚ್ಚಳ ತೆಗೆದು ನೋಡಿದೆ. ದುಡಿಯುವ ಕ್ಯಾಮೆರಾ ಒಂದು, ನಿವೃತ್ತಿಯಾಗಿಯೂ ಮನೆ ಬಿಡದ ರೀಲಿನ ಕ್ಯಾಮೆರಾಗಳು, ವಯರಿನ ಸಿಂಬಿ, ಬಾಸಿಂಗ ಸಡಿಲಾದರೆ ಇರಲಿ ಎಂದು ಸೂಜಿ ದಾರ, ಬೆವರಿದ ಮದುಮಕ್ಕಳಿಗೆಂದು ಪೌಡರ್ ಡಬ್ಬಿ. ಇದನ್ನೆಲ್ಲ ಯಾಕೆ ಹೊರುತ್ತೀ ಎಂದರೆ, "ಪೆಟಗಿ ಇಲ್ಲದ ಫೋಟೊದವ್ನಿಗೆ ಮಂದಿ ಊಟಕ್ಕ ಬಂದಾನಂತ ತಿಳೀತಾರ" ಎನ್ನುತ್ತಾನೆ. ನಾನು ಹೆಗಲು ಬದಲಿಸುತ್ತೇನೆಂದು ಹೋದರೆ, "ಹೆಗಲು ಕೊಡಾಕ ಬಂದೇನು? ಇನ್ನಾ ಟೈಮ್ ಅದ ತಮ್ಮಾ, ನಾ ಉಸಿರಾಡಾಕತ್ತೀನಿ" ಎಂದು ನನ್ನ ಬಾಯಿ ಮುಚ್ಚಿಸಿದ. ಇಂಥ ತಂದೆ ಮಗನ ಮೇಲೆ ಭಾರ ಹೊರಿಸಿದರೂ ಹೊರಬಹುದು, ತಂದೆಯ ಭಾರ ಇಳಿಸುವುದು ಮಾತ್ರ ಕಷ್ಟ.

ಕೊನೆಗೆ ಸ್ಲಿಂಗ್ ಬ್ಯಾಗು ತರುವುದೆಂದು ನಿಶ್ಚಯಿಸಿದೆ. ಎದೆಯ ಮೇಲೆ ಅಡ್ಡಲಾಗಿ ಒಂದೇ ಬೆಲ್ಟು, ಬೆನ್ನ ಮೇಲೆ ಚೀಲ. ಬೇಕಾದಾಗ ಕಂಕುಳಡಿಯಿಂದ ಮುಂದಕ್ಕೆಳೆದುಕೊಂಡರೆ ನಿಂತಲ್ಲಿಯೇ ಲೆನ್ಸು ಬದಲಿಸಬಹುದು, ಕುಕ್ಕರಗಾಲಿನಲ್ಲಿ ಕುಳಿತು ಪೆಟ್ಟಿಗೆ ಬಿಚ್ಚುವ ಪೂಜೆ ಇಲ್ಲ. ಮೊದಲು ಆನ್‌ಲೈನಿನಲ್ಲಿ ಒಂದು ತರಿಸಿದೆ. ಕಪ್ಪಗೆ, ಚೆಂದಗೆ ಇತ್ತು. ಆದರೆ ಬಲ ಹೆಗಲಿನದು! ಚೀಲಗಳಲ್ಲೂ ಎಡಪಂಥ ಬಲಪಂಥ ಇದೆಯೆಂದು ನನಗೆ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ. ಅಪ್ಪನ ನೋವು ಬಲಕ್ಕೆ, ಬೆಲ್ಟು ಎಡಕ್ಕೇ ಬರಬೇಕು. ಬಲದ ಚೀಲವನ್ನು ಎಡಕ್ಕೆ ಹಾಕಿದರೆ ಜಿಪ್ಪು ಕೆಳಮುಖವಾಗಿ, ತೆಗೆದ ಕೂಡಲೇ ಲೆನ್ಸು ನೆಲಕ್ಕೆ ಸಾಷ್ಟಾಂಗ. ಅದನ್ನು ಬಂದ ದಾರಿಯಲ್ಲೇ ವಾಪಸು ಕಳಿಸಿದೆ.

ಆಮೇಲೆ ಶಹಾಬಾದಿಗೆ ಹೋದೆ, ಹಾಜಿಮಲಂಗ್ ಚಾಚಾನ ಬ್ಯಾಗಿನ ಅಂಗಡಿಗೆ. "ಬರ್ರಿ, ಕುಂದ್ರಿ. ಕ್ಯಾಮೆರಾ ಚೀಲಾ ಏನ್ರಿ? ಇದು ನೋಡ್ರಿ, ಟಿಫಿನ್ ಭಿ ಹಿಡೀತದ, ನೀರಿನ ಬಾಟ್ಲಿ ಭಿ ಹಿಡೀತದ" ಎಂದು ಕರಡಿಯ ಚಿತ್ರವಿರುವ ಶಾಲೆಯ ಚೀಲ ಮುಂದಿಟ್ಟರು. ನಾನು ಎಡ ಹೆಗಲು, ಅಡ್ಡ ಬೆಲ್ಟು ಎಂದು ವಿವರಿಸಿದಂತೆಲ್ಲ ಒಂದೊಂದನ್ನೂ ತಾವೇ ಹಾಕಿ ತೋರಿಸಿ, ತೆಗೆಯುವುದನ್ನು ಮರೆತು, ಕಡೆಗೆ ಚಾಚಾ ಕಾಣದೆ ಬರೀ ಚೀಲಗಳೇ ಮಾತಾಡತೊಡಗಿದವು. ಮೇಲಿನ ಹಲಗೆಯಲ್ಲಿ ಸಿಕ್ಕಿತು ನೋಡು ನಮ್ಮದು: ಬೂದಿ ಬಣ್ಣ, ಅಗಲವಾದ ಮೆತ್ತನೆ ಬೆಲ್ಟು, ಒಳಗೆ ಹೇಗೆ ಬೇಕೋ ಹಾಗೆ ಸರಿಸಬಹುದಾದ ಖಾನೆಗಳು. ಕ್ಯಾಮೆರಾ ಒಯ್ದಿರಲಿಲ್ಲ. ಪಕ್ಕದ ಕಿರಾಣಿಯಿಂದ ತೊಗರಿಬೇಳೆಯ ಪಾಕೀಟುಗಳನ್ನು ತಂದು ತುಂಬಿಕೊಂಡು ಬಜಾರಿನ ಆ ತುದಿಯಿಂದ ಈ ತುದಿಗೆ ನಡೆದೆ. ಬೆನ್ನಿನಿಂದ ಮುಂದಕ್ಕೆಳೆದೆ, ಹಿಂದಕ್ಕೆ ತಳ್ಳಿದೆ. ಹೆಗಲು ನೋಯಲಿಲ್ಲ, ಬೇಳೆ ಚೆಲ್ಲಲಿಲ್ಲ. ಬೂದಿ ಬಣ್ಣವೇ ಯಾಕೆಂದರೆ, ವಾಡಿಯ ಸಿಮೆಂಟಿನ ಧೂಳಿನಲ್ಲಿ ಕಪ್ಪು ಚೀಲವೂ ವಾರದೊಳಗೆ ಬೂದಿಯಾಗುತ್ತದೆ. ನಾನು ಧೂಳಿಗೆ ಅಷ್ಟು ಕೆಲಸ ಉಳಿಸಿದೆ.

ಆ ಬೇಳೆ ಅವತ್ತೇ ಮನೆಯಲ್ಲಿ ಬೆಂದಿತು. ಅಪ್ಪನ ಮುಂದೆ ನನ್ನ ಬೇಳೆ ಮಾತ್ರ ಬೇಯಲಿಲ್ಲ. "ಇದೇನಿದು ಜೋಳಗಿ? ಭಿಕ್ಷಾಕ್ಕ ಹೊಂಟೀಯೇನು?" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಕಂಡಕ್ಟರ್ ಆಗ್ಯಾನ ನನ್ನ ಮಗ, ನಾಳಿಂದ ಲಗ್ನದಾಗ ಟಿಕೀಟು ಹರೀತಾನ" ಎಂದು ಚಹಾದ ಅಂಗಡಿಯಲ್ಲಿ ಊರಿಗೆಲ್ಲ ಸಾರಿದ. ಅಪ್ಪನ ಉತ್ತರ ಯಾವಾಗಲೂ ನೆಗೆಟಿವ್, ಅದನ್ನು ಕತ್ತಲೆ ಕೋಣೆಯಲ್ಲಿ ತೊಳೆದು ಪಾಸಿಟಿವ್ ಮಾಡುವುದು ನಮ್ಮ ಹಣೆಬರಹ. ಬಹಳ ಜಗ್ಗಾಡಿ ಒಂದು ಒಪ್ಪಂದಕ್ಕೆ ಬಂದೆವು. ಭಾನುವಾರದ ಕುರಕುಂಟಾದ ಲಗ್ನಕ್ಕೆ ಕ್ಯಾಮೆರಾ, ಲೆನ್ಸು, ಫ್ಲಾಶು ನನ್ನ ಚೀಲದಲ್ಲಿ. ಉಳಿದ ಸಂಸಾರ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಅಪ್ಪನ ಹೆಗಲ ಮೇಲೆ.

ಲಗ್ನ ಅಪ್ಪನ ಗೆಳೆಯ ಸಂಗಣ್ಣನ ಮಗಳದು. ಆ ಕಡೆಯ ಪದ್ಧತಿ ನಿನಗೆ ಗೊತ್ತೇ ಇದೆ: ಆಹೇರದ ದುಡ್ಡಿನ ಕವರು ತೆಗೆದುಕೊಳ್ಳಲು ಮನೆಯವರೊಬ್ಬರು ಕೊರಳಿಗೆ ಚೀಲ ಹಾಕಿಕೊಂಡು ಸ್ಟೇಜಿನ ಮೆಟ್ಟಿಲ ಬಳಿ ನಿಲ್ಲುತ್ತಾರೆ. ಮಂದಿ ಊರು ಹೇಳಿ ಕವರು ಹಾಕಿ ಊಟಕ್ಕೆ ನಡೆಯುತ್ತಾರೆ. ಅವತ್ತು ನಿಂತವನು ಹುಡುಗಿಯ ಸೋದರಮಾವ ಅಶೋಕಕುಮಾರ. ಆತ ಎಲೆ ಅಡಿಕೆಗೆಂದು ಹಾಗೆ ಸರಿದಿದ್ದಾನೆ, ನಾನು ಅದೇ ಮೆಟ್ಟಿಲ ಬಳಿ ಹೀಗೆ ನಿಂತು, ಲೆನ್ಸು ತೆಗೆಯಲೆಂದು ಚೀಲವನ್ನು ಎದೆಗೆಳೆದುಕೊಂಡು ಜಿಪ್ಪು ಬಿಚ್ಚಿದ್ದೇನೆ. ಒಬ್ಬ ಮುದುಕ ನೇರ ಬಂದು ಒಳಗೆ ಕವರು ಇಳಿಬಿಟ್ಟ. "ಬರಕೋ ತಮ್ಮಾ, ಮಳಖೇಡದವ್ರು."

"ಅಜ್ಜಾ, ಇದು ಕ್ಯಾಮೆರಾದ ಚೀಲಾ" ಎಂದೆ. "ಯಾವುದರೆ ಇರ್ಲಿ, ನೀ ಬರಕೋ" ಎಂದ. ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತಿಬ್ಬರು. ಸಾಲು ಪೆಂಡಾಲಿನ ಬಾಗಿಲು ಮುಟ್ಟಿತು. ನಾನು ಜಿಪ್ಪು ಹಾಕಲು ಹೋದರೆ ಒಬ್ಬ ಅಮ್ಮ ನನ್ನ ಕೈಗೇ ಹೊಡೆದು, "ನಮ್ದೇನು ಬ್ಯಾಡೇನು ನಿಮಗ?" ಎಂದು ಸಿಟ್ಟಾದಳು. ಅಷ್ಟರಲ್ಲಿ ಸಂಗಣ್ಣ ಓಡಿಬಂದ. ಬಿಡಿಸುತ್ತಾನೆ ಎಂದುಕೊಂಡರೆ, "ಲೇ ಕಪಿಲ, ಎಲ್ಲೀ ಅಲುಗಾಡಬ್ಯಾಡ. ನಿನ್ನ ಚೀಲದಾಗ ಹಾಕಿದ್ದು ನಾಕು ಮಂದಿ ನೋಡ್ಯಾರ. ಈಗ ನೀ ಆ ಕಡಿ ಈ ಕಡಿ ತಿರಗಿದ್ರ ಬೀಗರು ಏನಂತಾರ? ಊಟ ಮುಗಿಯೋತನಾ ಇಲ್ಲೇ ನಿಂದ್ರು" ಎಂದು ನನ್ನನ್ನು ಕಂಬದಂತೆ ನೆಟ್ಟುಹೋದ.

ಹೀಗೆ ಫೋಟೊ ತೆಗೆಯಲು ಹೋದ ನಾನು ಸ್ವತಃ ಒಂದು ಫೋಟೊ ಆಗಿ ನಿಂತೆ. ಅಪ್ಪ ಬಂದ, ನೋಡಿದ, ನಕ್ಕು ಸಾಕಾದ ಮೇಲೆ ಪೆಟ್ಟಿಗೆಯನ್ನು ನನ್ನ ಕಾಲಿನ ಹತ್ತಿರ ಇಳಿಸಿದ. "ಹೆಂಗೂ ಕಾವಲು ನಿಂತೀದಿ, ಇದಕ್ಕೂ ನೋಡ್ಕೋ." ಕ್ಯಾಮೆರಾ ಒಂದನ್ನೇ ಎತ್ತಿಕೊಂಡು ಮಂದಿಯೊಳಗೆ ಮಾಯವಾದ. ಆಮೇಲೆ ಕಂಡದ್ದನ್ನು ನೀನೂ ನೋಡಬೇಕಿತ್ತು. ಒಮ್ಮೆ ಅಡುಗೆಯವರ ಕಡಾಯಿಯ ಪಕ್ಕ, ಒಮ್ಮೆ ಬ್ಯಾಂಡಿನವರ ಮಧ್ಯೆ, ಒಮ್ಮೆ ನೀರಿನ ಟ್ರ್ಯಾಕ್ಟರಿನ ಮೇಲೆ. ನಡುನಡುವೆ ನನ್ನ ಬಳಿ ಬಂದು, ಕವರುಗಳ ಕೆಳಗೆ ಕೈಹಾಕಿ, "ಫ್ಲಾಶ್ ಎಲ್ಲದ? ಹಾಂ, ಇಲ್ಲೇ ಅದ" ಎಂದು ನಿಂತಲ್ಲಿಯೇ ಎತ್ತಿಕೊಂಡು ಹೋಗುತ್ತಿದ್ದ. ಊಟಕ್ಕೆ ಬಂದವನೇನೋ ಎಂದು ಯಾರೂ ಕೇಳಲಿಲ್ಲ. ಅಕ್ಕಿಕಾಳು ಬೀಳುವ ಹೊತ್ತಿಗೆ ಸ್ಟೇಜಿನ ಮುಂದೆ ತಲೆಗಳ ಗೋಡೆ ಎದ್ದಿತು. ಆ ಗೋಡೆಯ ಮೇಲೆ ಒಂದು ಕ್ಯಾಮೆರಾ, ಅದನ್ನು ಹಿಡಿದ ಒಂದು ಬಲಗೈ. ಕಿವಿ ದಾಟಿ, ತಲೆ ದಾಟಿ ನೆಟ್ಟಗೆ ಮೇಲೆದ್ದಿತ್ತು ಅವ್ವಾ. ಕೂಗಬೇಕೆನ್ನಿಸಿತು. ಕೂಗಿದರೆ ನೋವು ನೆನಪಾಗಿ ಇಳಿಸಿಬಿಟ್ಟಾನು ಎಂದು ಸುಮ್ಮನಾದೆ.

ಊಟ ಮುಗಿದ ಮೇಲೆ ಹಿರಿಯರ ಎದುರು ಚಾದರದ ಮೇಲೆ ನನ್ನ ಚೀಲ ಸುರಿದರು. ಅಶೋಕಕುಮಾರ ಕವರುಗಳ ಜೊತೆ ನನ್ನ ಬ್ಯಾಟರಿಯನ್ನೂ ಯಾರದೋ ಆಹೇರವೆಂದು ಎತ್ತಿಡಲು ಹೊರಟಿದ್ದ. ಕಾಡಿ ಬೇಡಿ ಬಿಡಿಸಿಕೊಂಡೆ.

ಸಂಜೆ ಸ್ಟುಡಿಯೊಗೆ ಮರಳಿದೆವು. ಅಪ್ಪ ಅವತ್ತು ದಿನದಂತೆ ಹೆಗಲಿಗೆ ಎಣ್ಣೆ ತಿಕ್ಕು ಎನ್ನಲಿಲ್ಲ. ನಾನು ಒಳಗೆ ಪರದೆ ಮಡಿಸುತ್ತಿದ್ದೆ. ಇಣುಕಿದರೆ ಗಿರಾಕಿಗಳು ತಲೆ ಬಾಚುವ ಕನ್ನಡಿಯ ಮುಂದೆ ಅಪ್ಪ ಚೀಲ ಹಾಕಿಕೊಂಡು ನಿಂತಿದ್ದಾನೆ! ಮುಂದಕ್ಕೆಳೆಯುತ್ತಾನೆ, ಹಿಂದಕ್ಕೆ ತಳ್ಳುತ್ತಾನೆ, ಪಕ್ಕಕ್ಕೆ ತಿರುಗಿ ನೋಡಿಕೊಳ್ಳುತ್ತಾನೆ. ಕನ್ನಡಿಯಲ್ಲಿ ನನ್ನ ಮುಖ ಕಂಡದ್ದೇ ಕಳಚಿ ಮೊಳೆಗೆ ಹಾಕಿದ. "ಬೆಲ್ಟು ಸಡ್ಲ ಅದ, ನೋಡಾಕತ್ತಿದ್ದೆ." ಪಾಪ, ಊರ ಮುಂದೆ ಜೋಳಗಿ ಎಂದು ಜರಿದದ್ದನ್ನು ಮಗನ ಮುಂದೆ ಹಾಕಿಕೊಳ್ಳುವುದು ಹೇಗೆ? ಬಾಯಿಂದ ಬಿದ್ದ ಮಾತು ಪೆಟ್ಟಿಗೆಗಿಂತ ಭಾರವಾಗಿತ್ತು. ಬೆಳಗಾದರೆ ಮತ್ತೆ ಅದೇ ಪೆಟ್ಟಿಗೆ ಎತ್ತುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಆಗ ನಾನು ಒಂದೇ ಒಂದು ಮಾತು ಹೇಳಿದೆ. ಅದೇನೆಂದು ಆಮೇಲೆ ಹೇಳುತ್ತೇನೆ. ಅಪ್ಪ ಮೊಳೆಯತ್ತ ತಿರುಗಿದ. "ಹಂಗನು, ಮೊದಲೇ ಯಾಕ ಹೇಳಲಿಲ್ಲ" ಎಂದು ಚೀಲ ತೆಗೆದು, ಬೆಲ್ಟು ಬಿಗಿ ಮಾಡಿ ಹಾಕಿಕೊಂಡು ಚಹಾಕ್ಕೆ ಹೋದ. ಪೆಟ್ಟಿಗೆ ಅಲಮಾರದ ಮೇಲೆ ಏರಿದೆ. ನಿನ್ನ ಅಪ್ಪಣೆ ನೆರವೇರಿತು, ನಾನು ಮನೆ ಇಳಿಯಬೇಕಿಲ್ಲ.

ಅಕ್ಕನಿಗೆ ಬಿಸಿನೀರು, ಮಾಮನಿಗೆ ನಮಸ್ಕಾರ, ಕೂಸಿನ ಅಂಗಾಲಿಗೆ ಒಂದು ಮುದ್ದು ನನ್ನ ಲೆಕ್ಕದಲ್ಲಿ ಕೊಡು. ಉಂಡೆ ಉಳಿದಿದ್ದರೆ ಜಹಾಂಗೀರನ ಕೈಯಲ್ಲಿ ಕಳಿಸು.

ನೀನು ಕಿವಿ ಹಿಂಡಿದ ಮಗ,
ಕಪಿಲ

ತಾ.ಕ.: ಜಹಾಂಗೀರ ಹಾರ್ನು ಹೊಡೆಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ನಾನು ಹೇಳಿದ ಮಾತು: "ಅಪ್ಪಾ, ಇದು ಅವ್ವ ಆರಿಸಿದ್ದು." ನೀನು ತಂದ ಅಂಗಿಗೆ ಒಂದು ದಿನವೂ ಎದುರಾಡದ ಮನುಷ್ಯ, ಚೀಲಕ್ಕೂ ಎದುರಾಡಲಿಲ್ಲ. ಗುರುವಾರ ಕೂಸಿನ ತೊಟ್ಟಿಲಿಗೆ ಅದನ್ನು ಹಾಕಿಕೊಂಡೇ ಬರುತ್ತಾನೆ. ನನಗೆ ಅವತ್ತು ಇಲ್ಲಿ ಲಗ್ನವಿದೆ, ಸನ್ನೆ ಮಾಡಲು ಬರಲಾಗದು. "ಇದೇನ್ರಿ ಕೊಳ್ಳಾಗ?" ಎಂದೆಯೋ, ಪೆಟ್ಟಿಗೆ ಅಲಮಾರದಿಂದ ಇಳಿಯಿತೆಂದೇ ತಿಳಿ. ಕೇಳಿದರೆ ಬೂದಿ ಬಣ್ಣ ಧೂಳಿಗೆಂದು, ಎಡ ಹೆಗಲು ಬಲದ ನೋವಿಗೆಂದು ಹೇಳು, ಎಲ್ಲ ಮೇಲೆ ಬರೆದಿದ್ದೇನೆ. ಇನ್ನೊಂದು. "ಅಕಿ ಮತ್ತೇನಂದಳು?" ಎಂದು ಕೇಳಿದ. ನಾನು ಹುರುಪಿನಲ್ಲಿ, "ಇದನ್ನ ಹಾಕ್ಕೊಂಡ್ರ ಅವ್ರು ಹರೇದವ್ರಂಗ ಕಾಣ್ತಾರ" ಎಂದು ನೀನು ಅಂದೆಯೆಂದು ಹೇಳಿಬಿಟ್ಟೆ. ನಿನ್ನೆಯಿಂದ ಅಪ್ಪ ಮೀಸೆಗೆ ಕಪ್ಪು ಹಚ್ಚಿದ್ದಾನೆ. ಚೀಲ ನೋಡಿ ನಕ್ಕರೆ ಹೇಗೋ ಸಂಭಾಳಿಸುತ್ತೇನೆ ಅವ್ವಾ, ಮೀಸೆ ನೋಡಿ ಮಾತ್ರ ನಗಬೇಡ.